ವಿಷವಾಯುವೂ ತ್ರೈರಾಶಿಕವೂ

ಕಳೆದ ಶ್ರಾವಣಮಾಸದಲ್ಲಿ ಒಂದು ದಿನ ಸಂಜೆ ನಾನು ಜಗಲಿಯ ಮೇಲೆ ಕುಳಿತು ಪಂಚಾಂಗವನ್ನು ತಿರುವುತ್ತಿದ್ದಾಗ, ನನ್ನ ಹಳೆಯ ಶಿಷ್ಯನೊಬ್ಬನು ಕಾಗದದ ಕಟ್ಟೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದನು. ಈತನು ನನ್ನಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ತ್ರೈರಾಶಿಕವು ತಲೆಗೆ ಹತ್ತದೆ ನನ್ನ ಬೆತ್ತದ ರುಚಿಯನ್ನು ಎರಡು ಮೂರು ಸಲ ಕಂಡವನು. ಈಗ ಆತನು ದೊಡ್ಡ ಇಂಜಿನಿಯರು. ಕಾರ್ಖಾನೆಗಳಲ್ಲಿ ವಿಷಪದಾರ್ಥವು ಸೋರಿದರೆ ಅಥವಾ ಸಿಡಿದರೆ ಅದರ ಪರಿಣಾಮವು ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ, ಯಾರ ಮೇಲೆ ಆಗುವುದೆಂಬುದನ್ನು ಮುಂಚಿತವಾಗಿ ಲೆಕ್ಕ ಹಾಕುವ ವಿದ್ಯೆಯೊಂದುಂಟಂತೆ. ಅದನ್ನು ಅಧಿಕಾರಿಗಳಿಗೂ ಕಾರ್ಖಾನೆಯವರಿಗೂ ಕಲಿಸಿಕೊಡುವುದೇ ಆತನ ಉದ್ಯೋಗ.

“ಮೇಷ್ಟ್ರೇ, ತಮ್ಮಿಂದ ಒಂದು ಉಪಕಾರವಾಗಬೇಕು. ನಮ್ಮೂರಿನ ವಾಟರ್ ವರ್ಕ್ಸಿನ ಸುತ್ತಮುತ್ತಲಿನ ಮನೆಗಳಿಗೆ ಹಂಚಲು ಒಂದು ಕರಪತ್ರವನ್ನು ಕನ್ನಡದಲ್ಲಿ ಬರೆದುಕೊಡಬೇಕು” ಎಂದನು.

ನಮ್ಮ ಊರಿಗೆ ಕುಡಿಯುವ ನೀರನ್ನು ಶುದ್ಧಿ ಮಾಡುವ ಆ ಸ್ಥಳದಲ್ಲಿ ಕ್ಲೋರಿನ್ ಎಂಬ ಅನಿಲವನ್ನು ದಪ್ಪ ಉಕ್ಕಿನ ಪೀಪಾಯಿಗಳಲ್ಲಿ ತುಂಬಿಟ್ಟಿರುವರು. ಇವಕ್ಕೆ ಟನ್ನರ್ ಎಂದು ಹೆಸರು. ಒಂದೊಂದರಲ್ಲಿಯೂ ೯೦೦ ಕಿಲೋಗ್ರಾಮಿನಷ್ಟು ಕ್ಲೋರಿನ್ ಒತ್ತಡದಿಂದ ದ್ರವವಾಗಿ ಅಡಗಿರುವುದು. ನಾವು ದಿನವೂ ಕುಡಿಯುವ ನೀರನ್ನು ವಾಂತಿಭೇದಿಯ ಭಯದಿಂದ ಕಾಪಾಡುತ್ತಿರುವುದು ಈ ಅನಿಲವೇ. ಹಾಗಿರಲು ಇದಕ್ಕೆ ಹೆದರುವುದೇತಕ್ಕೆಂದು ನಾನು ಕೇಳಿದೆನು. ಆತನು ನಕ್ಕು, “ತಾವು ಮೂರು ದಿನ ಬಿಡುವು ಮಾಡಿಕೊಂಡು ನಮ್ಮ ಶಿಕ್ಷಣವರ್ಗಕ್ಕೆ ಬನ್ನಿ. ಆಮೇಲೆ ಬರೆದರಾಯಿತು” ಎಂದನು. ವಿಷಯವನ್ನು ತಿಳಿಯದೆ ಬರೆಯುವ ಅಭ್ಯಾಸ ನನಗೂ ಇಲ್ಲ, ಹೊರಟೆನು.

ನಾಲ್ವತ್ತು ವರ್ಷ ಹಲಗೆಯ ಮುಂದೆ ನಿಂತವನು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವುದೆಂದರೆ ಅದೊಂದು ಅನುಭವವೇ ಸರಿ. ಮುಂದೆ ಕಾರ್ಖಾನೆಗಳ ಇನ್‌ಸ್ಪೆಕ್ಟರುಗಳು, ಅಗ್ನಿಶಾಮಕದಳದವರು, ಪೊಲೀಸಿನವರು, ಆಸ್ಪತ್ರೆಯ ವೈದ್ಯರೊಬ್ಬರು, ತಾಲ್ಲೂಕು ಕಚೇರಿಯ ಗುಮಾಸ್ತರಿಬ್ಬರು. ಮೊದಲನೆಯ ದಿನ ಗಣಿತದ ಮಾತನ್ನೇ ಎತ್ತಲಿಲ್ಲ; ನಡೆದುಹೋದ ಸಂಗತಿಗಳನ್ನೇ ಹೇಳಿದರು.

ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ ನೈಲಾನಿಗೆ ಬೇಕಾದ ವಸ್ತುವನ್ನು ತಯಾರಿಸುವ ಕಾರ್ಖಾನೆಯೊಂದಿದ್ದಿತು. ಅಲ್ಲಿ ಸಾಲಾಗಿ ನಿಲ್ಲಿಸಿದ್ದ ಆರು ದೊಡ್ಡ ಪಾತ್ರೆಗಳಲ್ಲಿ ಐದನೆಯದು ಬಿರುಕುಬಿಟ್ಟಿತು. ಕೆಲಸ ನಿಲ್ಲಬಾರದೆಂದು ಅದನ್ನು ತೆಗೆದುಹಾಕಿ, ನಾಲ್ಕನೆಯದಕ್ಕೂ ಆರನೆಯದಕ್ಕೂ ಒಂದು ಕೊಳವೆಯನ್ನು ತಾತ್ಕಾಲಿಕವಾಗಿ ಜೋಡಿಸಿದರು. ಆ ಕೊಳವೆಗೆ ಇದ್ದ ನಕ್ಷೆಯೆಂದರೆ ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಗೆರೆಗಳು ಮಾತ್ರ! ಒತ್ತಡವನ್ನು ಅದು ತಡೆದೀತೇ ಎಂದು ಯಾರೂ ಸರಿಯಾಗಿ ಲೆಕ್ಕ ನೋಡಲಿಲ್ಲ. ಎರಡು ತಿಂಗಳು ತಡೆಯಿತು. ೧೯೭೪ನೆಯ ಜೂನ್ ೧ರಂದು ಕಿತ್ತುಹೋಯಿತು. ಹೊರಗೆ ಹರಡಿದ ಆವಿಯ ಮೋಡಕ್ಕೆ ಕಿಡಿ ತಗಲಿ ಕಾರ್ಖಾನೆಯೇ ನೆಲಸಮವಾಯಿತು. ೨೮ ಮಂದಿ ಮಡಿದರು. ಅಂದು ಶನಿವಾರವಾಗಿದ್ದುದರಿಂದ ಕಚೇರಿಯ ಕಟ್ಟಡದಲ್ಲಿ ಜನರಿರಲಿಲ್ಲ. ಇಲ್ಲದಿದ್ದರೆ ಸಾವಿನ ಸಂಖ್ಯೆಯನ್ನು ಎಣಿಸುವುದೇ ಕಷ್ಟವಾಗುತ್ತಿತ್ತು. ಸೀಮೆಸುಣ್ಣದಿಂದ ಜೀವನ ನಡೆಸಿದ ನನಗೆ ಆ ನೆಲದ ಮೇಲಿನ ಗೆರೆಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ.

ಭೋಪಾಲದ ವೃತ್ತಾಂತವನ್ನು ವಾಚಕರು ಬಲ್ಲರು. ೧೯೮೪ನೆಯ ಡಿಸೆಂಬರ್ ೨ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯೊಂದರೊಳಗೆ ನೀರು ಸೇರಿ, ಅದರಲ್ಲಿದ್ದ ಸುಮಾರು ೪೦ ಟನ್ನು ಮಿಥೈಲ್ ಐಸೋಸಯನೇಟು ಕಾದು ಕುದಿದು ಊರಿನ ಮೇಲೆ ಹರಡಿತು. ಅದನ್ನು ತಣ್ಣಗಿಡುವ ಯಂತ್ರವನ್ನು ಮೊದಲೇ ನಿಲ್ಲಿಸಿದ್ದರು. ಸೋರಿದ್ದನ್ನು ಸುಟ್ಟುಹಾಕುವ ಗೋಪುರದ ಕೊಳವೆಯನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಇವೆಲ್ಲ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿವೆ. ಆದರೆ ನನ್ನ ಶಿಷ್ಯನು ಒತ್ತಿ ಹೇಳಿದುದು ಬೇರೆಯ ಸಂಗತಿ. ಊರಿಗೆ ಕೇಳಿಸುವ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ, ಜನರು ಗಾಬರಿಗೊಂಡಾರೆಂದು ನಿಲ್ಲಿಸಿಬಿಟ್ಟರು. ಎಚ್ಚೆತ್ತವರು ಬೀದಿಗೆ ಬಂದು, ಕಣ್ಣು ಕಾಣದೆ, ಎಲ್ಲರೂ ಓಡಿದ ಕಡೆಗೆ ಓಡಿದರು. ಅನೇಕರು ಗಾಳಿ ಬೀಸುತ್ತಿದ್ದ ದಿಕ್ಕಿಗೇ, ಎಂದರೆ ವಿಷದ ಜೊತೆಯಲ್ಲಿಯೇ, ಓಡಿದರು. ಒದ್ದೆಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಿರೆಂಬ ಒಂದು ಮಾತು ಅವರಿಗೆ ಮೊದಲೇ ತಿಳಿದಿರಲಿಲ್ಲ. ಬಂದ ರೋಗಿಗಳ ಮೈಗೆ ಸೇರಿರುವುದು ಯಾವ ವಿಷವೆಂಬುದು ಆಸ್ಪತ್ರೆಯ ವೈದ್ಯರಿಗೂ ಗೊತ್ತಿರಲಿಲ್ಲ. ಸರ್ಕಾರದ ಎಣಿಕೆಯಲ್ಲಿಯೇ ಸಾವಿರಾರು ಜನರು ಸತ್ತರು. ಬಾಧೆಗೊಳಗಾದವರು ೫ ಲಕ್ಷಕ್ಕೂ ಮಿಕ್ಕಿದವರು.

ಅನಂತರ ಕಾಯಿದೆಗಳು ಬಂದವು. ೧೯೮೬ರಲ್ಲಿ ಪರಿಸರ ಸಂರಕ್ಷಣೆಯದು, ೧೯೮೯ರಲ್ಲಿ ಅಪಾಯಕರ ರಾಸಾಯನಿಕಗಳ ತಯಾರಿಕೆ ಮತ್ತು ಸಂಗ್ರಹದ ನಿಯಮಗಳು, ೧೯೯೬ರಲ್ಲಿ ರಾಸಾಯನಿಕ ಅಪಘಾತಗಳ ನಿಯಮಗಳು. ಭೋಪಾಲದಲ್ಲಿಯೇ ೧೯೮೭ರಲ್ಲಿ ಇಂಥ ವಿಪತ್ತುಗಳ ಬಗೆಗೆ ಶಿಕ್ಷಣ ಕೊಡುವ ಸಂಸ್ಥೆಯೊಂದು ಹುಟ್ಟಿತು. ೧೯೮೯ರ ನಿಯಮಗಳಲ್ಲಿ ಒಂದು ಮಾತುಂಟು: ಅಪಘಾತದಿಂದ ಬಾಧಿತರಾಗಬಹುದಾದ ಕಾರ್ಖಾನೆಯ ಹೊರಗಿನ ಜನರಿಗೆ ಅಪಾಯದ ಸ್ವರೂಪವನ್ನೂ, ಆಗ ಮಾಡತಕ್ಕದ್ದು ಮಾಡಬಾರದ್ದು ಇವುಗಳನ್ನೂ ಮೊದಲೇ ತಿಳಿಸಬೇಕೆಂದು. ನಮ್ಮ ವಾಟರ್ ವರ್ಕ್ಸಿನಲ್ಲಿರುವ ಐದು ಟನ್ನರುಗಳು ಆ ನಿಯಮವು ಹೇಳುವ ಪರಿಮಾಣವನ್ನು ಮುಟ್ಟುವುದಿಲ್ಲ. ಆದುದರಿಂದ ತಿಳಿಸಲೇಬೇಕೆಂಬ ನಿರ್ಬಂಧವಿಲ್ಲ. ಯಾರೂ ತಿಳಿಸಿಯೂ ಇರಲಿಲ್ಲ. ನಮ್ಮ ಮನೆಯಿಂದ ಅದು ಅರ್ಧ ಮೈಲಿ. ಅದರ ಗೇಟಿನ ಮುಂದೆ ಪ್ರತಿದಿನವೂ ವಾಯುಸೇವನೆಗೆ ಹೋಗುವ ನನಗೇ ಒಳಗೆ ಏನಿದೆಯೆಂದು ಗೊತ್ತಿರಲಿಲ್ಲವೆಂದ ಮೇಲೆ ಮಿಕ್ಕವರ ಮಾತೇನು!

ಎರಡನೆಯ ದಿನ ಲೆಕ್ಕಕ್ಕೆ ತೊಡಗಿದರು. ಈ ಶಾಸ್ತ್ರವೆಲ್ಲ ಮೂರು ಪ್ರಶ್ನೆಗಳಲ್ಲಿ ಅಡಗಿದೆ: ಎಷ್ಟು ಹೊರಬರುವುದು, ಎತ್ತ ಹೋಗುವುದು, ತಗಲಿದವರಿಗೆ ಏನಾಗುವುದು.

ಮೊದಲನೆಯದಕ್ಕೆ ತೂತಿನ ಅಳತೆ, ಒಳಗಿನ ಒತ್ತಡ, ಉಷ್ಣತೆ ಇವು ಬೇಕು. ಇಲ್ಲಿಯೇ ನನಗೊಂದು ಆಶ್ಚರ್ಯ ಕಾದಿತ್ತು. ಟನ್ನರನ್ನು ಮಲಗಿಸಿರುವಾಗ ಅದರ ಮೇಲ್ಭಾಗದಲ್ಲಿ ಅನಿಲ, ಕೆಳಭಾಗದಲ್ಲಿ ದ್ರವ. ದ್ರವ ಕ್ಲೋರಿನ್ ಹೊರಬಂದು ಅನಿಲವಾದರೆ ಸುಮಾರು ೪೬೦ರಷ್ಟು ಹಿಗ್ಗುವುದು. ಆದುದರಿಂದ ಅದೇ ತೂತು ಕೆಳಗಿದ್ದರೆ ಹೊರಬರುವ ವಿಷವು, ಮೇಲಿದ್ದರೆ ಬರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಸೋರುವುದನ್ನು ಕಂಡೊಡನೆ, ಸಾಧ್ಯವಾದರೆ, ತೂತು ಮೇಲಕ್ಕೆ ಬರುವಂತೆ ಪೀಪಾಯಿಯನ್ನು ಉರುಳಿಸಿಬಿಡಬೇಕು. ಅದರ ಮೇಲೆ ನೀರನ್ನು ಸುರಿಯಬಾರದು. ನೀರಿನ ಕಾವಿನಿಂದ ದ್ರವವು ಇನ್ನೂ ಬೇಗ ಅನಿಲವಾಗುವುದಲ್ಲದೆ, ಒದ್ದೆಯಾದ ಕ್ಲೋರಿನ್ ಉಕ್ಕನ್ನು ತಿಂದು ತೂತನ್ನು ಹಿರಿದು ಮಾಡುವುದು. ಇದನ್ನು ಕೇಳಿ ಅಗ್ನಿಶಾಮಕದಳದ ಒಬ್ಬ ಹುಡುಗನು, “ನಾವು ಮೊದಲು ಮಾಡುವ ಕೆಲಸವೇ ಅದಲ್ಲವೇ ಸಾರ್” ಎಂದು ತಲೆ ಕೆರೆದುಕೊಂಡನು.

ಎರಡನೆಯ ಪ್ರಶ್ನೆಯೇ ಇದರಲ್ಲೆಲ್ಲ ರಸವತ್ತಾದುದು. ಗೃಹಿಣಿಯರು ಇದನ್ನು ನಮಗಿಂತ ಮೊದಲೇ ಬಲ್ಲರೆಂದು ನನ್ನ ಅಭಿಪ್ರಾಯ. ಮಾಘಮಾಸದ ಬೆಳಗಿನ ಜಾವದಲ್ಲಿ ನೀರೊಲೆಯ ಹೊಗೆಯು ಮೇಲೇಳದೆ ಹೆಂಚಿನ ಮೇಲೆಯೇ ಕವಿದುಕೊಂಡು ನೆರೆಮನೆಯವರ ಕಣ್ಣನ್ನೂ ಉರಿಸುವುದು. ಅದೇ ಒಲೆಯ ಹೊಗೆಯು ಮಧ್ಯಾಹ್ನದ ಬಿಸಿಲಿನಲ್ಲಿ ಸುರುಳಿ ಸುರುಳಿಯಾಗಿ ಮೇಲಕ್ಕೆ ಹೋಗಿ ಕಾಣದಾಗುವುದು. ಹಗಲು ನೆಲವು ಕಾದು ಗಾಳಿಯನ್ನು ಕಲಕುವುದು. ನಿರ್ಮಲವಾದ ರಾತ್ರಿಯಲ್ಲಿ ನೆಲವು ತಣ್ಣಗಾಗಿ, ಕೆಳಗಿನ ತಂಪು ಗಾಳಿಯು ಮೇಲಿನ ಬೆಚ್ಚನೆಯ ಗಾಳಿಯ ಅಡಿಯಲ್ಲಿ ಮುಚ್ಚಳ ಹಾಕಿದಂತೆ ನಿಂತುಬಿಡುವುದು. ಪಾಸ್ಕ್ವಿಲ್ ಎಂಬ ಆಂಗ್ಲ ವಾಯುಶಾಸ್ತ್ರಜ್ಞನು ೧೯೬೧ರಲ್ಲಿ ಈ ಸ್ಥಿತಿಗಳನ್ನು ಆರು ತರಗತಿಗಳಾಗಿ ವಿಂಗಡಿಸಿದನು. ಲೆಕ್ಕ ಹಾಕುವವರು ಇಂದಿಗೂ ಅವನ್ನೇ ಹಿಡಿದಿದ್ದಾರೆ. ಒಂದೇ ಪ್ರಮಾಣದ ಸೋರಿಕೆಯನ್ನು ತೆಗೆದುಕೊಂಡು, ಮೋಡ ಕವಿದ ಹಗಲು ಚೆನ್ನಾಗಿ ಗಾಳಿ ಬೀಸುವಾಗ ಒಂದು ಕಿಲೋಮೀಟರಿನಾಚೆ ಎಷ್ಟು ವಿಷವಿರುವುದೋ, ತಿಳಿಯಾದ ರಾತ್ರಿ ಮಂದಮಾರುತವಿರುವಾಗ ಎಷ್ಟಿರುವುದೋ ನಮ್ಮ ಕೈಯಿಂದಲೇ ಎಣಿಸಿಸಿದರು. ಎರಡನೆಯದು ಹದಿನೈದು ಇಪ್ಪತ್ತು ಪಾಲು ಹೆಚ್ಚು ಬಂದಿತು! ಕಾವ್ಯಗಳಲ್ಲಿ ಮಂದಮಾರುತವನ್ನು ಅಷ್ಟು ಕೊಂಡಾಡುವುದನ್ನು ನಾನೂ ನಾಲ್ವತ್ತು ವರ್ಷ ಪಾಠ ಹೇಳಿದ್ದೇನೆ. ಇನ್ನು ಮೇಲೆ ಸ್ವಲ್ಪ ಅನುಮಾನದಿಂದ ಹೇಳಬೇಕಾದೀತು.

ಕ್ಲೋರಿನ್ ಗಾಳಿಗಿಂತ ಎರಡೂವರೆ ಪಾಲು ಭಾರ. ಅದು ಹೊಗೆಯಂತೆ ತೇಲದೆ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯುವುದು. ಚರಂಡಿ, ಕಾಲುವೆ, ನೆಲಮಾಳಿಗೆಗಳಲ್ಲಿ ನಿಲ್ಲುವುದು. ಇಂಥ ಭಾರವಾದ ಅನಿಲಗಳ ನಡೆಯನ್ನು ತಿಳಿಯುವುದಕ್ಕಾಗಿಯೇ ಇಂಗ್ಲೆಂಡಿನ ಥಾರ್ನಿ ದ್ವೀಪದಲ್ಲಿ ೧೯೮೨ರಿಂದ ೧೯೮೪ರವರೆಗೆ ೨೦೦೦ ಘನಮೀಟರು ನಿರಪಾಯವಾದ ಅನಿಲವನ್ನು ಒಂದೇ ಸಲಕ್ಕೆ ಬಿಟ್ಟು ಬಿಟ್ಟು ಪರೀಕ್ಷಿಸಿದರಂತೆ.

ಇಲ್ಲಿ ಒಂದು ಕಹಿಯಾದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆನು. ಗಾಳಿಯ ಲೆಕ್ಕವನ್ನು ಮೊದಲು ಶ್ರದ್ಧೆಯಿಂದ ನೋಡಿದವರು ಜನರನ್ನು ಉಳಿಸಬೇಕೆಂದವರಲ್ಲ. ೧೯೧೫ನೆಯ ಏಪ್ರಿಲ್ ೨೨ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನರು ಇದೇ ಕ್ಲೋರಿನ್ ತುಂಬಿದ ಐದು ಸಾವಿರಕ್ಕೂ ಮಿಕ್ಕ ಸಿಲಿಂಡರುಗಳನ್ನು ನೆಲದಲ್ಲಿ ಹೂಳಿಟ್ಟು, ಅನುಕೂಲವಾದ ಗಾಳಿಗಾಗಿ ಕಾದಿದ್ದು, ಶತ್ರುಗಳ ಮೇಲೆ ಬಿಟ್ಟರು. ಆಂಗ್ಲರೂ ಪೋರ್ಟನ್ ಎಂಬಲ್ಲಿ ಯುದ್ಧಕ್ಕಾಗಿಯೇ ಇದನ್ನು ಅಭ್ಯಾಸ ಮಾಡಿದರು. ಮೇಲೆ ಹೇಳಿದ ಪಾಸ್ಕ್ವಿಲನೂ ಅಲ್ಲಿ ಕೆಲಸ ಮಾಡಿದವನೇ. ಅದು ಹಾಗಿರಲಿ.

ಮೂರನೆಯ ಪ್ರಶ್ನೆಯಲ್ಲಿ ನನ್ನ ತ್ರೈರಾಶಿಕಕ್ಕೆ ಭಂಗವಾಯಿತು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗೂ ಕಡಮೆ ಕ್ಲೋರಿನ್ ಇದ್ದರೂ ಮೂಗಿಗೆ ತಿಳಿಯುವುದು. ಹತ್ತು ಪಾಲಿದ್ದರೆ ಪ್ರಾಣಕ್ಕೆ ಕೂಡಲೇ ಅಪಾಯವೆಂದು ಅಮೆರಿಕದವರ ಎಣಿಕೆ. ಹಾಗಾದರೆ ಹತ್ತು ಪಾಲನ್ನು ಒಂದು ನಿಮಿಷ ಸೇವಿಸುವುದೂ ಒಂದು ಪಾಲನ್ನು ಹತ್ತು ನಿಮಿಷ ಸೇವಿಸುವುದೂ ಸಮವಷ್ಟೆ ಎಂದೆನು. “ಅಲ್ಲ ಮೇಷ್ಟ್ರೇ, ಇಲ್ಲಿ ತ್ರೈರಾಶಿಕ ನಡೆಯುವುದಿಲ್ಲ” ಎಂದನು ನನ್ನ ಶಿಷ್ಯ, ಹಳೆಯ ಬೆತ್ತದ ಸೇಡನ್ನು ತೀರಿಸಿಕೊಳ್ಳುವವನಂತೆ. ಸಾಂದ್ರತೆಯು ಇಮ್ಮಡಿಯಾದರೆ ಹಾನಿಯು ಇಮ್ಮಡಿಗಿಂತ ಬಹಳ ಹೆಚ್ಚು. ಅಲ್ಪಕಾಲವಾದರೂ ದಟ್ಟವಾದ ವಿಷವೇ ಕೊಲ್ಲುವುದು. ಮನೆಯ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಒಳಗಿರುವುದರಿಂದ ಉಳಿಯುವುದೂ ಈ ಕಾರಣದಿಂದಲೇ. ವಿಷವು ಸಂದಿಗಳಿಂದ ಒಳಗೆ ಬಂದೇ ಬರುವುದು. ಆದರೆ ತೆಳ್ಳಗೆ ಬರುವುದು. ಮೋಡವು ಹಾದುಹೋದ ಮೇಲೆ ಎಲ್ಲವನ್ನೂ ತೆರೆದು ಹೊರಗೆ ಬರಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿದ್ದು ಒಳಗೇ ಉಳಿಯುವುದು.

ಈಗ ಇವೆಲ್ಲವನ್ನೂ ಗಣಕಯಂತ್ರವು ಕ್ಷಣಮಾತ್ರದಲ್ಲಿ ಎಣಿಸಿ, ನಕ್ಷೆಯ ಮೇಲೆ ಕೆಂಪು, ಕಿತ್ತಳೆ, ಹಳದಿ ವಲಯಗಳನ್ನು ಬರೆದು ತೋರಿಸುವುದು. ಅಮೆರಿಕದ ಸರ್ಕಾರದವರು ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟಿರುವ ‘ಅಲೋಹಾ’ ಎಂಬ ಏರ್ಪಾಡನ್ನು ನಮಗೆ ಕಲಿಸಿದರು. ಅದರ ಜೊತೆಗೆ ಅದಕ್ಕೆ ತಿಳಿಯದ್ದನ್ನೂ ಹೇಳಿದುದು ನನಗೆ ಹಿಡಿಸಿತು. ಗುಡ್ಡ ಎಲ್ಲಿದೆ, ಎತ್ತರದ ಕಟ್ಟಡ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ; ನಡುವೆ ಗಾಳಿಯು ತಿರುಗಿದರೆ ಅರಿಯದು; ಗಾಳಿ ತೀರ ನಿಂತುಹೋದರೆ ಅದರ ಲೆಕ್ಕವನ್ನು ನಂಬುವಂತಿಲ್ಲ.

ಮೂರನೆಯ ದಿನ ನಮ್ಮೂರಿನ ನಕ್ಷೆಯನ್ನೇ ಬಿಡಿಸಿದರು. ಬೆಳಗಿನ ಜಾವದ ತಣ್ಣನೆಯ ಗಾಳಿ, ಒಂದು ಟನ್ನರು, ಕೆಳಗಿನ ಕವಾಟದಲ್ಲಿ ಸೋರಿಕೆ. ಬಣ್ಣವು ಕಾಲುವೆಯ ಏರಿಯನ್ನು ದಾಟಿತು; ತಗ್ಗಿನಲ್ಲಿರುವ ಪ್ರಾಥಮಿಕ ಶಾಲೆಯ ಮೇಲೆ ಹೋಯಿತು. ನಾನು ಹನ್ನೊಂದು ವರ್ಷ ಕೆಲಸ ಮಾಡಿದ ಶಾಲೆ ಅದು. “ವಿಷವು ದಟ್ಟವಾಗುವುದು ರಾತ್ರಿಯಲ್ಲಿ. ರಾತ್ರಿ ಶಾಲೆಯಲ್ಲಿ ಯಾರಿರುತ್ತಾರೆ?” ಎಂದೆನು, ಸಮಾಧಾನ ತಂದುಕೊಳ್ಳಲು. ಆತನು, “ಶನಿವಾರ ಬೆಳಗಿನ ಶಾಲೆಯಲ್ಲವೇ ಮೇಷ್ಟ್ರೇ? ಮಾಘದಲ್ಲಿ ಎಂಟು ಗಂಟೆಗೆ ಮಂಜು ಕರಗಿರುವುದಿಲ್ಲ” ಎಂದನು. ನಾನು ಸುಮ್ಮನಾದೆನು. ಆ ಮಂಜಿನಲ್ಲಿ ಪ್ರಾರ್ಥನೆಗೆ ನಿಲ್ಲುವ ಮಕ್ಕಳ ಮುಂದೆ ಎಷ್ಟು ಶನಿವಾರ ನಾನು ನಿಂತಿಲ್ಲ!

ವಾಟರ್ ವರ್ಕ್ಸಿನಿಂದ ಶಾಲೆಗೆ ೯೦೦ ಮೀಟರು. ಗಾಳಿಯ ವೇಗ ಸೆಕೆಂಡಿಗೆ ಒಂದೂವರೆ ಮೀಟರು. ಆರುನೂರು ಸೆಕೆಂಡು, ಎಂದರೆ ಹತ್ತು ನಿಮಿಷ. ಈ ತ್ರೈರಾಶಿಕಕ್ಕೆ ಗಣಕಯಂತ್ರ ಬೇಕಾಗಿರಲಿಲ್ಲ. ಬಳಿಕ ನಾವೆಲ್ಲರೂ ಸೇರಿ ಸುದ್ದಿಯು ಹೋಗುವ ಮಾರ್ಗವನ್ನು ಎಣಿಸಿದೆವು. ಕಾವಲುಗಾರನು ಕಂಡು ಇಂಜಿನಿಯರಿಗೆ ಫೋನು ಮಾಡಬೇಕು. ಅವರು ಮೇಲಿನವರಿಗೆ, ಮೇಲಿನವರು ತಾಲ್ಲೂಕು ಕಚೇರಿಗೆ, ಅಲ್ಲಿಂದ ಶಿಕ್ಷಣ ಇಲಾಖೆಗೆ, ಇಲಾಖೆಯಿಂದ ಮುಖ್ಯೋಪಾಧ್ಯಾಯಿನಿಗೆ. ಪ್ರತಿಯೊಬ್ಬರೂ ಒಡನೆಯೇ ಫೋನು ಎತ್ತಿದರೂ ಇಪ್ಪತ್ತೆರಡು ನಿಮಿಷ. ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಗುಮಾಸ್ತರಲ್ಲೊಬ್ಬರು ಎದ್ದು, “ನಡುವಿನ ನಾಲ್ಕು ಜನರನ್ನು ತೆಗೆದುಹಾಕಿದರೆ?” ಎಂದರು. ಕಾವಲುಗಾರನ ಕೋಣೆಯ ಗೋಡೆಯ ಮೇಲೆ ಶಾಲೆಯ ಫೋನಿನ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆಯಿಸಬೇಕೆಂದು ಅಲ್ಲಿಯೇ ನಿಶ್ಚಯವಾಯಿತು. ಮೂರು ದಿನಗಳ ಗಣಿತದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿದುದು ಬಣ್ಣದ ವಲಯಗಳಲ್ಲ, ಈ ಹತ್ತು ಮತ್ತು ಇಪ್ಪತ್ತೆರಡು. ವಿಶಾಖಪಟ್ಟಣದಲ್ಲಿ ೨೦೨೦ನೆಯ ಮೇ ೭ರ ಬೆಳಗಿನ ಜಾವ ಸ್ಟೈರೀನ್ ಆವಿಯು ಪಕ್ಕದ ಹಳ್ಳಿಗೆ ಹರಡಿ ಹನ್ನೆರಡು ಮಂದಿ ಸತ್ತಾಗಲೂ ಸೈರನ್ ಮೊಳಗಲಿಲ್ಲವೆಂದು ವಿಚಾರಣಾ ಸಮಿತಿಯು ಹೇಳಿತು.

ಇನ್ನು ಕರಪತ್ರ. ಮನೆಗೆ ಬಂದು ಉತ್ಸಾಹದಿಂದ ಬರೆದೆನು. “ಪ್ರಮಾದವಶಾತ್ ವಿಷಾನಿಲವು ನಿಸ್ಸೃತವಾದ ಪಕ್ಷದಲ್ಲಿ ಗೃಹಸ್ಥರು ಗವಾಕ್ಷಾದಿ ರಂಧ್ರಗಳನ್ನು ಮುದ್ರಿಸಿ ಅಂತರ್ಗೃಹದಲ್ಲಿಯೇ ಇರತಕ್ಕದ್ದು” ಎಂದು ಆರಂಭ. ನನ್ನ ಮನೆಯವರು ಅದನ್ನು ಹಾಲಿನವಳಿಗೆ ಓದಿ ಹೇಳಿದರು. ಅವಳು ಭಕ್ತಿಯಿಂದ ಕೇಳಿ, “ಯಾರ ಮದುವೆ ಅಮ್ಮಾವ್ರೇ?” ಎಂದಳು.

ಹರಿದುಹಾಕಿ ‘ಕೆಟ್ಟ ಗಾಳಿ ಬಂದಾಗ’ ಎಂದು ಬರೆದೆನು. ಕೆಟ್ಟ ಗಾಳಿ ಸೋಕಿದರೆ ತಾಯಿತ ಕಟ್ಟಿಸಬೇಕೆಂದು ಅವಳು ಹೇಳಿದಳು. ಕನ್ನಡದಲ್ಲಿ ಗಾಳಿಗೆ ಆ ಅರ್ಥವೂ ಇರುವುದನ್ನು ನಾನು ಮರೆತಿದ್ದೆನು. ‘ಗ್ಯಾಸು’ ಎಂದರೆ ಎಲ್ಲರಿಗೂ ತಿಳಿಯುವುದೆಂದು ಅದನ್ನೇ ಹಾಕಿದೆನು. ಆಗ ನನ್ನ ಮನೆಯವರು ಹಿಡಿದ ತಪ್ಪು ನನ್ನನ್ನು ನಡುಗಿಸಿತು. “ಗ್ಯಾಸು ಸೋರಿದರೆ ನಾವು ಮೊದಲು ಕಿಟಕಿ ಬಾಗಿಲು ತೆರೆಯುತ್ತೇವೆ. ಸಿಲಿಂಡರು ಕೊಡುವವರು ಅದನ್ನೇ ಹೇಳಿಕೊಟ್ಟಿದ್ದಾರೆ. ನಿಮ್ಮ ಕಾಗದ ಓದಿದವರು ಗ್ಯಾಸೆಂದೊಡನೆ ಕಿಟಕಿ ತೆರೆದುಬಿಟ್ಟರೆ?” ನಿಜ. ಅಡಿಗೆಮನೆಯ ಗ್ಯಾಸು ಒಳಗೆ ಸೋರುವುದು; ಅದನ್ನು ಹೊರಗೆ ಕಳುಹಿಸಬೇಕು. ಇದು ಹೊರಗಿನಿಂದ ಬರುವುದು. ಇದನ್ನು ಒಳಗೆ ಬಿಡಬಾರದು. ಮೂರು ದಿನದ ಶಿಕ್ಷಣದಲ್ಲಿ ಇಂಜಿನಿಯರಾಗಲಿ ವೈದ್ಯರಾಗಲಿ ಈ ಪ್ರಶ್ನೆಯನ್ನು ಕೇಳಿರಲಿಲ್ಲ.

ಕೊನೆಗೆ ಅಚ್ಚಾದುದು ಹೀಗಿದೆ: “ಇದು ಅಡಿಗೆ ಗ್ಯಾಸು ಅಲ್ಲ. ವಾಟರ್ ವರ್ಕ್ಸಿನ ಸೈರನ್ ಬಿಡದೆ ಕೂಗಿದರೆ ಮನೆಯೊಳಗೆ ಹೋಗಿ. ಕಿಟಕಿ ಬಾಗಿಲು ಮುಚ್ಚಿ. ಸಂದಿಗೆ ಒದ್ದೆಬಟ್ಟೆ ತುರುಕಿ, ಮೂಗಿಗೆ ಒದ್ದೆಬಟ್ಟೆ ಹಿಡಿಯಿರಿ. ಮಹಡಿಯಿದ್ದರೆ ಮಹಡಿಗೆ ಹೋಗಿ. ಬಯಲಿನಲ್ಲಿದ್ದರೆ, ಒಣಹಾಕಿದ ಬಟ್ಟೆ ಎತ್ತ ಹಾರುವುದೋ ಅತ್ತ ಓಡಬೇಡಿ. ಅದಕ್ಕೆ ಅಡ್ಡಲಾಗಿ, ಎತ್ತರದ ಕಡೆಗೆ ಹೋಗಿ. ಸೈರನ್ ಎರಡನೆಯ ಸಲ ಕೂಗಿ ನಿಂತ ಮೇಲೆ ಎಲ್ಲವನ್ನೂ ತೆರೆದು ಹೊರಗೆ ಬನ್ನಿ.” ಸಂಸ್ಕೃತ ಕಲಿತವನು ಬರೆದನೆಂದು ಇದನ್ನು ಓದಿ ಯಾರೂ ಹೇಳಲಾರರು.

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅಣಕು ಪರೀಕ್ಷೆ ನಡೆಯಿತು. ನಾನು ಶಾಲೆಯ ಅಂಗಳದಲ್ಲಿ ಗಡಿಯಾರ ಹಿಡಿದು ನಿಂತಿದ್ದೆನು. ಮೂರನೆಯ ನಿಮಿಷದಲ್ಲಿ ಫೋನು ಬಂದಿತು. ಏಳನೆಯ ನಿಮಿಷಕ್ಕೆ ಮಕ್ಕಳು ಮಹಡಿಯ ಕೋಣೆಗಳನ್ನು ಸೇರಿ, ಹಿರಿಯ ಹುಡುಗಿಯರು ಬಾಗಿಲಸಂದಿಗೆ ಒದ್ದೆಚೀಲಗಳನ್ನು ಒತ್ತುತ್ತಿದ್ದರು. ಮುಖ್ಯೋಪಾಧ್ಯಾಯಿನಿಯವರು ಹಾಜರಿ ಕೂಗಿದರು. ಇಬ್ಬರು ಹುಡುಗರು ಕಡಮೆ. ಅವರು ಗೋಡೆ ಹಾರಿ, ಸೈರನ್ ಏಕೆ ಕೂಗುತ್ತಿದೆಯೆಂದು ನೋಡಲು ವಾಟರ್ ವರ್ಕ್ಸಿನ ಗೇಟಿಗೇ ಓಡಿದ್ದರು. ಅಲ್ಲಿ ಊರಿನ ದೊಡ್ಡವರೂ ಮೂವತ್ತು ನಾಲ್ವತ್ತು ಮಂದಿ ನೆರೆದಿದ್ದರಂತೆ. ಕರಪತ್ರದ ಎರಡನೆಯ ಮುದ್ರಣವು ಈ ವಾರ ಬರುವುದು. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, ಒಂದು ಸಾಲನ್ನು ಹೊಸದಾಗಿ ಸೇರಿಸಿದ್ದೇವೆ: “ನೋಡಲು ಹೋಗಬೇಡಿ.”